ಬೇರೆ ಕಂಪನಿಯ ಮೆಮೊರಿಯಿಂದ ಶಾಖೆಗೆ ಆದ ನಷ್ಟದ ಬಗ್ಗೆ

ಹೆಸರು ತಿದ್ದುಪಡಿ ಶಾಖೆ, ಕಲಬುರಗಿ
ಸಂಖ್ಯೆ: ಹೆತಿಶಾ/ಮೆಮೊರಿ/07/2025-26

ವಿಷಯ: ಶಾಖೆಯ ಕಂಪ್ಯೂಟರು ಪೂರ್ವಾನುಮತಿಯಿಲ್ಲದೆ ಚುರುಕಾಗಿರುವ ಕುರಿತು.
ಉಲ್ಲೇಖ: ಕೆಳಸಹಿದಾರರ ಮನಸ್ಸಾಕ್ಷಿಯ ಮೌಖಿಕ ಜ್ಞಾಪನ (ದಿನಾಂಕ ನಮೂದಿಲ್ಲ).

1. ಶಾಖೆಯ ಕಂಪ್ಯೂಟರು ನಿಧಾನವೆಂಬುದು ಸರ್ವವಿದಿತ. ಅದರ ನೆರಳಿನಲ್ಲಿ ಶಾಖಾಧಿಕಾರಿ ಶ್ರೀ ಅಮರನಾಥ (ಮುಂದೆ ‘ಕೆಳಸಹಿದಾರರು’) ಬಹುಕಾಲ ನೆಮ್ಮದಿಯಿಂದ ಸೇವೆ ಸಲ್ಲಿಸಿರುತ್ತಾರೆ. ಹೆಚ್ಚುವರಿ ಮೆಮೊರಿ ಹಾಕಿಸುವುದಾದರೆ ತಯಾರಕ ಕಂಪನಿಯದೇ ಆಗಬೇಕೆಂದು ಅವರು ಪಟ್ಟು ಹಿಡಿದಿದ್ದರು. ಅದರ ಬೆಲೆಗೆ ಮಂಜೂರಾತಿ ಎಂದಿಗೂ ಬಾರದೆಂಬ ದೃಢ ನಂಬಿಕೆ ಅವರಿಗಿತ್ತು.

2. ಅವರು ರಜೆಯಲ್ಲಿದ್ದಾಗ ಸಹಾಯಕಿ ಶ್ರೀಮತಿ ರಾಜೇಶ್ರೀ ಅವರು ಅದರ ಕಾಲು ಬೆಲೆಗೆ, ಸಾದಿಲ್ವಾರು (ಚಿಲ್ಲರೆ ಖರ್ಚಿನ) ಹಣದಲ್ಲಿ, ಕಪನೂರಿನ ಕಂಪ್ಯೂಟರ್ ಅಂಗಡಿಯ ಮಜರ್ ಅವರಿಂದ ಬೇರೆ ಕಂಪನಿಯ ಮೆಮೊರಿ ಹಾಕಿಸಿರುತ್ತಾರೆ. “ಕಂಪನಿ ಮಾಲ್ ಅಲ್ರೀ ಮೇಡಂ, ಆದ್ರ ಓಡ್ತದ” ಎಂದು ಮಜರ್ ಗ್ಯಾರಂಟಿ ಕೊಟ್ಟಿದ್ದು, ದುರದೃಷ್ಟವಶಾತ್ ಅದು ಓಡಿರುತ್ತದೆ.

3. ಸೋಮವಾರ ಕಮಲಾಪುರದ ದುಂಡಮ್ಮನವರು ಎಂದಿನಂತೆ ಮೊದಲ ಬಸ್ಸಿಗೆ ಬಂದರು. ದಾಖಲೆಯಲ್ಲಿ ಅವರು ‘ದುಂಡಪ್ಪ’ ಆಗಿದ್ದರಿಂದ, ಗಂಡಸಿಗೆ ವಿಧವಾ ವೇತನವಿಲ್ಲವೆಂದು ಅವರ ವೇತನ ನಿಂತುಹೋಗಿತ್ತು. ಕೆಳಸಹಿದಾರರು ಅಭ್ಯಾಸಬಲದಿಂದ, “ಕಂಪ್ಯೂಟರ್ ಸ್ಲೋ ಅದ ಯಮ್ಮ, ಮುಂದಿನ ವಾರ…” ಎನ್ನುವಷ್ಟರಲ್ಲೇ ಪರದೆಯ ಮೇಲೆ ಅರ್ಜಿ ತೆರೆದುಕೊಂಡಿತು. ತಿದ್ದಬೇಕಾದದ್ದು ಒಂದೇ ಅಕ್ಷರ. ತಿದ್ದಿದ್ದಾಯಿತು, ಮುದ್ರಣವೂ ಆಯಿತು. ಎದುರಿನ ಹೊಟೇಲಿನಿಂದ ತರಿಸಿದ ಚಹಾ ಇನ್ನೂ ಬಿಸಿಯಿತ್ತು.

4. ಕಾಗದ ಕೈಗೆ ಬಂದೊಡನೆ ದುಂಡಮ್ಮನವರು, “ಪಾಪ ಸಾಹೇಬ್ರ, ಈ ಡಬ್ಬಿ ನಿಮಗೂ ಎಷ್ಟ್ ತ್ರಾಸ ಕೊಟ್ಟದರೀ!” ಎಂದು ಮರುಗಿ, ಎರಡು ಕೆಂಪು ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದರು. ಅವನ್ನು ಸುಲಿಯುವುದು ಕೆಳಸಹಿದಾರರಿಂದ ಈವರೆಗೆ ಸಾಧ್ಯವಾಗಿರುವುದಿಲ್ಲ.

5. ಸದರಿ ನಷ್ಟವನ್ನು ತಡೆಯಲು, ಹಳೆಯ ಮೆಮೊರಿಯನ್ನೇ ಮರಳಿ ಕೂರಿಸುವಂತೆ ಕೆಳಸಹಿದಾರರು ಆದೇಶ ಬರೆದರು. ಸಹಿಗೆ ಪೆನ್ನು ಎತ್ತಿದಾಗ, ಸಾಲಿನಲ್ಲಿದ್ದ ತೂಬಾ ಎಂಬ ಕಾಲೇಜು ವಿದ್ಯಾರ್ಥಿನಿ, “ಸರ್, ಇವತ್ತ ಕೆಲಸ ಆಗಾಕತ್ತದಂತಲ್ರೀ, ಖರೇನಾ?” ಎಂದು ಕೇಳಿದ್ದರಿಂದ ಆದೇಶವನ್ನು ಹರಿದುಹಾಕಲಾಗಿದೆ.

6. ಆದ್ದರಿಂದ ‘ಸ್ಲೋ ಅದ’ ಎಂಬ ಮಾತನ್ನು ದೀರ್ಘ ಸೇವೆ ಪರಿಗಣಿಸಿ ಇಂದಿನಿಂದ ಗೌರವಪೂರ್ವಕ ನಿವೃತ್ತಿಗೊಳಿಸಲಾಗಿದೆ. ಇನ್ನು ಮುಂದೆ ವಿಳಂಬ ಮಾಡಲಿಚ್ಛಿಸುವವರು, ಕೆಳಸಹಿದಾರರೂ ಸೇರಿದಂತೆ, ಸ್ವಂತ ಹೆಸರಿನಲ್ಲಿಯೇ ಮಾಡತಕ್ಕದ್ದು.

ಸಹಿ/-
(ಅಮರನಾಥ)
ಶಾಖಾಧಿಕಾರಿ

ಪ್ರತಿಗಳು:
ಅ) ಶ್ರೀಮತಿ ರಾಜೇಶ್ರೀ: ಅಭಿನಂದನೆ ಹಾಗೂ ಕಾರಣ ಕೇಳಿ ನೋಟಿಸು, ಒಂದೇ ಲಕೋಟೆಯಲ್ಲಿ.
ಆ) ಎದುರಿನ ಹೊಟೇಲಿನ ಕರೀಂಸಾಬ್: ಇನ್ನು ಮುಂದೆ ಚಹಾ ದಿನಕ್ಕೆ ಒಂದೇ ಸಲ ಕಳಿಸುವುದು.
ಇ) ಕಚೇರಿ ಪ್ರತಿ.