ನಮ್ಮ ಕ್ರಾಸ್ ಕನೆಕ್ಷನ್ ರಿಪೇರಿ ಮಾಡಿದ ಮಹನೀಯರಿಗೆ

ಟೆಲಿಫೋನ್ ದುರಸ್ತಿ ಶಾಖೆಯ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಕೈಕೆಳಗಿನ ಲೈನ್‌ಮನ್‌ಗಳಿಗೂ, ಅವರು ಹೊತ್ತು ತಿರುಗುವ ಬಿದಿರಿನ ಏಣಿಗೂ ಡೊಂಬಿವಲಿ ಪೂರ್ವದ ಜಲಜಾಕ್ಷಿ ಎಂಬ ಮುದುಕಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ಕಾರಣ ಸಾಷ್ಟಾಂಗವನ್ನು ಕುರ್ಚಿಯಲ್ಲಿ ಕುಳಿತೇ ಮಾಡಿದ್ದೇನೆ, ಕ್ಷಮಿಸಬೇಕು. ತಮ್ಮ ಎಕ್ಸ್‌ಚೇಂಜಿನ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ, ಏಕೆಂದರೆ ತಾವು ಹೊಗಳಿಸಿಕೊಳ್ಳಲು ನಾಚುವವರೆಂದು ಕೇಳಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಬೇಗ ಉತ್ತರ ಬರುತ್ತದೆಂದು ಮಗ ಹೇಳಿದ. ನನಗೆ ಬರುವ ಇಂಗ್ಲಿಷು ‘ರಾಂಗ್ ನಂಬರ್’ ಒಂದೇ. ಅಷ್ಟರಲ್ಲಿ ಪತ್ರ ಮುಗಿದುಹೋಗುತ್ತದೆ. ಆದ್ದರಿಂದ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲೇ ಇದನ್ನು ಅಚ್ಚು ಹಾಕಿಸುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಾರು. ಇಲ್ಲದಿದ್ದರೆ ಕ್ಯಾಂಟೀನಿನಲ್ಲಂತೂ ಇದ್ದೇ ಇರುತ್ತಾರೆ.

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಅಧಿಕಾರ ತಮಗೊಬ್ಬರಿಗೇ ಇರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಮಗ ಪ್ರೇಮನಾಥ ಠಾಣೆಯ ನೌಪಾಡಾದಲ್ಲಿ ಹೋಟೆಲು ನಡೆಸುತ್ತಾನೆ. ಸೊಸೆ ಜಯಲತಾ ಮುಂಬಯಿಯ ಆಫೀಸಿಗೆ ಹೋಗುತ್ತಾಳೆ. ಬೆಳಗಿನ ಲೋಕಲ್ ಹಿಡಿದು ಇಬ್ಬರೂ ಹೊರಟರೆಂದರೆ ದೀಪ ಹಚ್ಚುವವರೆಗೆ ಮನೆಯಲ್ಲಿ ನಾನು ಮತ್ತು ಗೋಡೆಯ ಮೇಲಿನ ದೇವರುಗಳು. ಒಮ್ಮೆ ನಾನು ಬಚ್ಚಲಲ್ಲಿ ಜಾರಿ ಬಿದ್ದು, ಸಂಜೆ ಸೊಸೆ ಬಂದು ಎತ್ತುವವರೆಗೆ ಅಲ್ಲೇ ಕುಳಿತಿದ್ದ ಮೇಲೆ, ಅಮ್ಮನ ಸುರಕ್ಷೆಗೆ ಫೋನೊಂದೇ ದಾರಿ ಎಂದು ಮಗ ತಮ್ಮಲ್ಲಿಗೆ ಅರ್ಜಿ ಹಾಕಿದ. ಅರ್ಜಿ ಹಾಕುವಾಗ ನನಗೆ ಹಲ್ಲುಗಳಿದ್ದವು. ಫೋನು ಬಂದಾಗ ಹಲ್ಲಿನ ಸೆಟ್ಟು ಹಾಕಿಕೊಂಡು ‘ಹಲೋ’ ಎಂದೆ. ಇದು ದೂರಲ್ಲ, ಹಣ್ಣು ಮಾಗಲು ಕಾಲ ಹಿಡಿಯುತ್ತದೆಂಬುದನ್ನು ಅಡಿಗೆಮನೆಯಲ್ಲಿ ಜೀವ ಸವೆಸಿದ ನಾನು ಬಲ್ಲೆ.

ಆ ಕರಿಯ ಯಂತ್ರಕ್ಕೆ ಕುಂಕುಮ ಹಚ್ಚಿ, ಕ್ರೋಶಾ ಹೆಣಿಗೆಯ ಟೋಪಿ ಹಾಕಿದೆವು. ಮೊದಲ ಮಳೆಗಾಲದಲ್ಲಿ ತಮ್ಮ ತಂತಿಗಳು ಎಲ್ಲಿಯೋ ಕೆಸರಿನಲ್ಲಿ ಒಂದನ್ನೊಂದು ತಬ್ಬಿಕೊಂಡವು. ಒಂದು ಮಧ್ಯಾಹ್ನ ಹೋಟೆಲಿಗೆ ಫೋನು ಮಾಡೋಣವೆಂದು ರಿಸೀವರ್ ಎತ್ತಿದರೆ ಒಳಗೆ ಯಾರೋ ಹೆಂಗಸು ಎಲೆ ಅಡಿಕೆ ಜಗಿಯುತ್ತಿರುವ ಸದ್ದು.

“ಯಾರು ಮಾರಾಯ್ರೆ ನೀವು? ನಮ್ಮ ಫೋನಿನಲ್ಲಿ ಎಂತ ಮಾಡ್ತಾ ಇದ್ದೀರಿ?” ಎಂದೆ.

“ನಿಮ್ಮ ಫೋನ್? ಚಲೋ ಐತಿ! ನಮ್ಮ ಮನಿ ಫೋನ್ ನಾ ಎತ್ತೀನಿ. ನೀವ ಬಂದು ನಮ್ಮ ಫೋನಿನ್ಯಾಗ ಹೊಕ್ಕೊಂಡು ಕುಂತೀರಿ,” ಎಂದಿತು ಆ ದನಿ.

ನಾವಿಬ್ಬರೂ ಒಬ್ಬರನ್ನೊಬ್ಬರು ಹೊರಗೆ ಹಾಕಲು ಸಾಕಷ್ಟು ಹೊತ್ತು ಜಗಳವಾಡಿದೆವು. ಜಗಳದ ನಡುವೆ ಅವಳ ಕುಕ್ಕರು ಕೂಗಿತು. “ತಡೀರಿ, ಬ್ಯಾಳಿ ಇಳಿಸಿ ಬರ್ತೀನಿ, ಆಮ್ಯಾಲ ಜಗಳ ಮಾಡೂಣು,” ಎಂದು ಹೋದಳು. ನಾನು ಕಾದು ಕುಳಿತೆ ಎಂಬುದನ್ನು ತಾವು ಗಮನಿಸಬೇಕು. ಈ ಊರಿನಲ್ಲಿ ನನ್ನೊಡನೆ ಕನ್ನಡದಲ್ಲಿ ಜಗಳವಾಡಿದವರೇ ಅದುವರೆಗೆ ಇರಲಿಲ್ಲ.

ಅವಳ ಹೆಸರು ಬಸವಣ್ಣೆವ್ವ. ಗದಗದ ಕಡೆಯವಳು, ಡೊಂಬಿವಲಿ ಪಶ್ಚಿಮದಲ್ಲಿ ವಾಸ. ಮಗ ಕಲ್ಯಾಣದಲ್ಲಿ ಬಟ್ಟೆ ಅಂಗಡಿಯವನು, ಸೊಸೆ ಶಾಲೆಯ ಟೀಚರು. ಹಗಲೆಲ್ಲ ಅವಳೂ ನನ್ನ ಹಾಗೆಯೇ ಒಂಟಿ. ಕಣ್ಣಿಗೆ ಪೊರೆ ಬಂದು ಎದುರಿನವರ ಮುಖ ಕಾಣುತ್ತಿರಲಿಲ್ಲ, ಫೋನಿನಲ್ಲಿ ಅದರ ಅಗತ್ಯವೂ ಇರಲಿಲ್ಲ. ನಳದ ನೀರು ನಿಂತ ಮೇಲೆ ದಿನಾ ಇಬ್ಬರೂ ರಿಸೀವರ್ ಎತ್ತುವುದು ರೂಢಿಯಾಯಿತು. ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯನ್ನು ನಾನು ಓದಿ ಹೇಳುತ್ತಿದ್ದೆ, ಅವಳು ಮಂತ್ರಿಗಳಿಂದ ಹಿಡಿದು ಮದುವೆ ಜಾಹೀರಾತಿನ ವರಗಳವರೆಗೆ ಎಲ್ಲರನ್ನೂ ಬೈಯುತ್ತಿದ್ದಳು. ಗೋಧಿ ಬೀಸಿದ ಕಲ್ಲಿಗೇ ಅವಳ ಜೋಳ ಹಾಕಿ ರೊಟ್ಟಿಯ ರುಚಿ ಕೆಡಿಸುವ ಗಿರಣಿಯವನ ಮೇಲೆ ಅವಳಿಗಿದ್ದ ಸಿಟ್ಟನ್ನಂತೂ ನಾನು ದಿನಾ ಹೊಸದಾಗಿ ಕೇಳುತ್ತಿದ್ದೆ. ನಾನೊಂದು ದಿನ ಎತ್ತುವುದು ತಡವಾದರೆ, “ಜಲಜಕ್ಕಾ, ಬಚ್ಚಲದಾಗ ಮತ್ತ ಬಿದ್ದೀರೇನು?” ಎಂದು ಗದರುತ್ತಿದ್ದಳು. ಮಗ ಅಷ್ಟು ವರ್ಷ ಕಾದು ತರಿಸಿದ ಸುರಕ್ಷೆ ಎಂದರೆ ಇದೇ ಇರಬೇಕೆಂದು ನಾನು ತಿಳಿದೆ. ಸಂಜೆ ಅವನು ಮಾತ್ರ, “ಅಮ್ಮಾ, ಇದು ಫಾಲ್ಟು. ಕಂಪ್ಲೇಂಟ್ ಕೊಟ್ಟಿದ್ದೇನೆ,” ಎನ್ನುತ್ತಿದ್ದ. ಆ ದೂರುಗಳನ್ನೆಲ್ಲ ತಾವು ಕಣ್ಣೆತ್ತಿಯೂ ನೋಡಲಿಲ್ಲ. ಆ ಕಾಲದ ತಮ್ಮ ಔದಾರ್ಯವನ್ನು ನೆನೆದು ಈಗಲೂ ಕೈಮುಗಿಯುತ್ತೇನೆ.

ಇನ್ನು ತಮ್ಮ ತಬ್ಬಿಕೊಂಡ ತಂತಿಗಳು ಮಾಡಿದ ಉಪಕಾರವನ್ನು ಹೇಳಬೇಕು. ಕಳೆದ ವರ್ಷ ನವರಾತ್ರಿಯ ಹಿಂದಿನ ವಾರ ನಾವು ಮಾತನಾಡುತ್ತಿದ್ದಾಗ ಅವಳ ಮನೆಯ ಬಾಗಿಲು ಬಡಿದ ಸದ್ದಾಯಿತು. “ಯಾರೋ ಬಂದಾರ, ತಡೀರಿ,” ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೋದಳು. ನನ್ನ ಕಿವಿಗೆ ಒಬ್ಬ ಗಂಡಸಿನ ಜೇನಿನಂಥ ದನಿ ಕೇಳಿಸಿತು. ತಾಮ್ರ ಹಿತ್ತಾಳೆ ಬೆಳಗುವ ಹೊಸ ಪುಡಿಯಂತೆ, ಕಂಪನಿಯ ಪ್ರಚಾರವಂತೆ, ದುಡ್ಡು ಬೇಡವಂತೆ. ತಂಬಿಗೆಯೊಂದನ್ನು ಫಳಫಳ ಹೊಳೆಸಿ ಕೊಟ್ಟಿರಬೇಕು. ಆಮೇಲೆ ಆ ದನಿ ಇನ್ನಷ್ಟು ಸಿಹಿಯಾಗಿ, “ಮಾಜೀ, ಕಂಗನ್ ಭೀ ದೇ ದೋ, ನಯಾ ಕರ್‌ಕೆ ದೇತಾ ಹೂಂ,” ಎಂದಿತು. ಬಳೆಯನ್ನೂ ಕೊಡಿ, ಹೊಸದು ಮಾಡಿಕೊಡುತ್ತೇನೆ ಎಂದು.

ಈ ಆಟ ನನಗೆ ಗೊತ್ತಿತ್ತು. ನಮ್ಮ ಕೆಳಗಿನ ಮನೆಯ ರತ್ನಾಬಾಯಿ ಹೀಗೆಯೇ ಬಳೆ ಬಿಚ್ಚಿಕೊಟ್ಟು, ಕೊನೆಗೆ ಅರಿಶಿನದ ನೀರಿನ ಬಟ್ಟಲನ್ನು ಎದುರಿಗಿಟ್ಟುಕೊಂಡು ಅತ್ತಿದ್ದಳು. ಅವಳ ಚಿನ್ನ ಆ ನೀರಿನಲ್ಲಿ ಕರಗಿ ಅಂಥ ಕಳ್ಳರ ಸೀಸೆಗೆ ಹೋಗಿತ್ತು. ನಾನು ಕೂಗಿದೆ, ಮೇಜಿನ ಮೇಲಿನ ರಿಸೀವರಿನಿಂದ ಅದು ಯಾರಿಗೆ ಕೇಳೀತು? ಮಂಡಿಯನ್ನು ಮರೆತು ಅಡಿಗೆಮನೆಗೆ ಓಡಿ, ಸ್ಟೀಲಿನ ತಟ್ಟೆ ಸೌಟು ತಂದು, ಫೋನಿನ ಬಾಯಿಗೆ ಹಿಡಿದು ಬಾರಿಸತೊಡಗಿದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಕೊನೆಗೆ ಬಸವಣ್ಣೆವ್ವ ಬಂದಳು. “ಏನವ್ವಾ, ಜಾಗಟಿ ಬಾರ್ಸಾಕತ್ತೀರಿ?”

“ಬಳೆ ಎಲ್ಲಿ?”

“ಬಟ್ಟಲದಾಗ ಹಾಕ್ಯಾರ.”

“ಅವ ಕಳ್ಳ ಮಾರಾಯ್ತಿ! ಚಿನ್ನ ಕರಗಿಸ್ತಾನೆ!”

ಅವಳು ತನಗೆ ಗೊತ್ತಿದ್ದ ಮರಾಠಿಯಲ್ಲಿ, ತನ್ನ ಅಳಿಯ ಪೊಲೀಸ್ ಚೌಕಿಯಿಂದ ಮಾತನಾಡುತ್ತಿದ್ದಾನೆ, ನಿಮ್ಮ ಪುಡಿ ಅವನಿಗೂ ಬೇಕಂತೆ, ಬಂದು ಮಾತನಾಡಿ ಎಂದು ಗಟ್ಟಿಯಾಗಿ ಹೇಳಿ ರಿಸೀವರನ್ನು ಆ ಮನುಷ್ಯನ ಕೈಗೇ ಕೊಟ್ಟುಬಿಟ್ಟಳು. ಸಾಹೇಬರೇ, ನಾನು ಯಾರ ಅಳಿಯನೂ ಅಲ್ಲ, ನನ್ನ ಹತ್ತಿರ ಚೌಕಿಯೂ ಇಲ್ಲ. ಆದರೆ ಹೋಟೆಲಿಗೆ ಹಾಲು ತರುವವರಿಗೂ ತೆಂಗಿನಕಾಯಿ ತರುವವರಿಗೂ ಮೂರು ದಶಕ ಕೂಗಿ ಗಂಡಸಿನದರಂತೆ ಒಡೆದುಹೋದ ಗಂಟಲೊಂದು ಇದೆ. “ಏ, ನಾಮ್ ಕ್ಯಾ ಹೈ ತೇರಾ? ಉಧರ್‌ಇಚ್ ಠೈರ್, ಜೀಪ್ ನಿಕ್ಲಾ ಹೈ!” ಎಂದು ಅಬ್ಬರಿಸಿದೆ. ಹೆಸರೇನು ನಿನ್ನದು, ಅಲ್ಲೇ ನಿಲ್ಲು, ಜೀಪು ಹೊರಟಿದೆ ಎಂದು. ರಿಸೀವರ್ ಬಿದ್ದ ಸದ್ದು, ಚಪ್ಪಲಿಗಳ ಸದ್ದು, ಆಮೇಲೆ ಬಸವಣ್ಣೆವ್ವ ನೆಲದ ಮೇಲೆ ಕುಳಿತು ನಗುವ ಸದ್ದು. ನಗು ಹೋಗಿ ಅಳುವಾಯಿತು. ನಾನೂ ಸೇರಿಕೊಂಡೆ. ಬಳೆಗಳು ಉಳಿದವು, ಅವುಗಳ ಮೇಲಿನ ಹೂವಿನ ಕೆತ್ತನೆ ಮಾತ್ರ ಕೊಂಚ ನುಣುಪಾಯಿತು.

ಈ ಸುದ್ದಿ ಕೇಳಿ ನನ್ನ ಮಗನಿಗೆ ಭಯವಾಯಿತು. “ಅಮ್ಮಾ, ನಾಳೆ ನಿಂಗೆ ಏನಾದ್ರೂ ಆದ್ರೆ ನಮ್ಗೆ ಫೋನ್ ಮಾಡ್ಲಿಕ್ಕಾದ್ರೂ ಲೈನ್ ಸರಿ ಬೇಡ್ವಾ?” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ದೊಡ್ಡ ತೊಂದರೆ. ಅವನು ಹೋಟೆಲಿಗೆ ಬರುವ ಗಿರಾಕಿಯೊಬ್ಬರ ಮೂಲಕ ತಮ್ಮನ್ನು ತಲುಪಿದ. ಎಷ್ಟೋ ದೂರುಗಳಿಗೆ ಅಲ್ಲಾಡದ ತಾವು ಒಂದು ಮಸಾಲೆದೋಸೆಗೆ ಎದ್ದು ನಿಂತಿರಿ. ಲೈನ್‌ಮನ್ ಬಂದ, ಏಣಿ ಹತ್ತಿದ, ಇಳಿದ, “ಆತಾ ಏಕದಮ್ ಕ್ಲಿಯರ್, ಆಜೀ,” ಎಂದು ಚಹಾ ಕುಡಿದು ಹೋದ.

ಕ್ಲಿಯರ್ ಎಂದರೆ ಏನೆಂದು ಆವತ್ತು ತಿಳಿಯಿತು. ರಿಸೀವರ್ ಎತ್ತಿದರೆ ಒಂದೇ ಸಮನೆ ಕುರ್ ಎನ್ನುವ ಸದ್ದು. ಹೋಟೆಲಿಗೆ ಫೋನು ಮಾಡಿದರೆ ಗಲ್ಲಾಪೆಟ್ಟಿಗೆಯ ಮುಂದಿನವನು “ಸೇಟ್ ಬಿಜಿ” ಎಂದು ಇಡುತ್ತಾನೆ. ಬಸವಣ್ಣೆವ್ವನ ನಂಬರು ನನಗೆ ಗೊತ್ತಿಲ್ಲ. ಗೊತ್ತಿರುವ ಅಗತ್ಯವೇ ಬಿದ್ದಿರಲಿಲ್ಲವಲ್ಲ! ಡೈರೆಕ್ಟರಿಯಲ್ಲಿ ಹುಡುಕೋಣವೆಂದರೆ ಆ ಫೋನು ತೀರಿಹೋದ ಅವಳ ಗಂಡನ ಹೆಸರಿನಲ್ಲಿದೆ, ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ತಮ್ಮ ಕಚೇರಿಗೆ ಬಂದು, ನನ್ನ ಲೈನಿಗೆ ಯಾರ ಲೈನು ಸೇರಿತ್ತೆಂದು ತಿಳಿಸಿ ಎಂದು ಬೇಡಿಕೊಂಡೆ. ಕ್ರಾಸ್ ಇತ್ತೆಂದು ದಾಖಲೆಯಲ್ಲಿ ಇಲ್ಲ, ಆದ್ದರಿಂದ ಅದು ಇರಲೇ ಇಲ್ಲ ಎಂದು ತಮ್ಮ ಗುಮಾಸ್ತರು ನನಗೆ ತಿಳಿಹೇಳಿದರು. ಅಷ್ಟು ಚೊಕ್ಕ ವೇದಾಂತವನ್ನು ಯಾವ ಸ್ವಾಮಿಗಳ ಬಾಯಿಂದಲೂ ನಾನು ಕೇಳಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೊರಟೆ. ಸ್ಟೇಷನ್ನಿನ ಮೇಲ್ಸೇತುವೆಯನ್ನು ಕಂಬಿ ಹಿಡಿದು, ನಿಂತು ನಿಂತು ದಾಟಿದೆ. ಇಳಿಯುವ ಜನ ನನ್ನನ್ನು ಹತ್ತಿಸಿದರೋ ಹತ್ತುವ ಜನ ಇಳಿಸಿದರೋ ದೇವರಿಗೇ ಗೊತ್ತು. ಪಶ್ಚಿಮದಲ್ಲಿ ರಿಕ್ಷಾ ಹಿಡಿದು, ಕಂಡ ಹಿಟ್ಟಿನ ಗಿರಣಿಯ ಮುಂದೆಲ್ಲ ನಿಲ್ಲಿಸಿ, “ಗೋಧಿಯಾದ ಮೇಲೆ ಜೋಳ ಬೀಸಿದ್ದಕ್ಕೆ ನಿಮ್ಮನ್ನು ಬೈಯುವ ಕನ್ನಡದ ಅಜ್ಜಿ ಯಾರಾದರೂ ಇದ್ದಾರೆಯೇ?” ಎಂದು ಕೇಳಿದೆ. ಕೆಲವರು ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ನಿಟ್ಟುಸಿರು ಬಿಟ್ಟು, ತಲೆಯ ಹಿಟ್ಟು ಕೊಡವಿಕೊಂಡು, ಎದುರಿನ ಸಾಲುಮನೆಗಳ ಚಾಳನ್ನು ತೋರಿಸಿದ.

ಬಾಗಿಲು ತೆರೆದವಳು ನನ್ನ ಭುಜದಾಚೆ ಎಲ್ಲಿಯೋ ನೋಡುತ್ತ, “ಕೋಣ್ ಪಾಹಿಜೆ?” ಎಂದಳು. ಯಾರು ಬೇಕೆಂದು ಕೇಳುತ್ತಿದ್ದಾಳೆ. “ನಾನು ಮಾರಾಯ್ತಿ,” ಎಂದೆ, ಅಷ್ಟೇ. ಅವಳು ತಡಕಾಡಿ ನನ್ನ ಮುಂಗೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ಒಳಗೆ ಕುಳ್ಳಿರಿಸಿದಳು, ನೀರು ಕೊಟ್ಟಳು. ಹೆಣ್ಣು ನೋಡಲು ಬಂದವರ ಹಾಗೆ ಕುಳಿತೆವು. ಕೊನೆಗೆ ಅವಳೇ, “ಬೆನ್ನು ತಿರುವಿ ಕುಂದರ್ರಿ ಜಲಜಕ್ಕಾ. ಎದುರಿಗಿ ಮನಷ್ಯಾರು ಇದ್ರ ನನಗ ಮಾತ ಬರವಲ್ದು,” ಎಂದಳು. ಮಂಚದ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕುಳಿತು, ಬಿಸಿಲು ಇಳಿಯುವವರೆಗೆ ಮಾತನಾಡಿದೆವು.

ನಂಬರು ಬರೆದುಕೊಂಡು ಬಂದೆ. ಆದರೆ ತಮ್ಮ ದುರಸ್ತಿಯ ಪೂರ್ಣ ಸೊಬಗು ಅವಳ ಮನೆಯಲ್ಲಿ ಕಂಡಿತು. ನನ್ನ ಲೈನು ಕ್ಲಿಯರ್ ಆದ ದಿನದಿಂದ ಅವಳ ಲೈನು ಸತ್ತುಬಿದ್ದಿದೆ. “ಕಿವಿಗಿಟ್ರ ಗ್ವಾಡಿಗೆ ಕಿವಿ ಹಚ್ಚಿದಂಗ ಆಕ್ಕೈತಿ,” ಎನ್ನುತ್ತಾಳೆ. ಅವಳ ಮಗ ದೂರು ಕೊಟ್ಟರೆ, ತಮ್ಮ ರಿಜಿಸ್ಟರಿನಲ್ಲಿ ಆ ಲೈನು ಓಕೆ ಎಂದಿದೆಯಂತೆ. ಮುಂದಿನ ತಿಂಗಳು ಅವಳ ಕಣ್ಣಿನ ಆಪರೇಷನ್. ಪಟ್ಟಿ ಕಟ್ಟಿಕೊಂಡು ಹಗಲೆಲ್ಲ ಕತ್ತಲಲ್ಲಿ ಒಬ್ಬಳೇ ಕುಳಿತಿರಬೇಕು. ಬಾಗಿಲು ಬಡಿದವರು ಯಾರೆಂದು ಹೇಳಲು, ಹೆದರಬೇಡ ಎನ್ನಲು ಈ ಕಡೆಯಲ್ಲಿ ನಾನಿದ್ದೇನೆ, ನಡುವೆ ತಾವಿದ್ದೀರಿ. ಆ ಮೇಲ್ಸೇತುವೆಯನ್ನು ಇನ್ನೊಮ್ಮೆ ಹತ್ತಬೇಡಿ ಎಂದು ನನ್ನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಅವಳ ಫೋನನ್ನು ಸರಿಪಡಿಸಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಸರಿಪಡಿಸುವುದು ತಮಗೆ ಎಷ್ಟು ಪ್ರಯಾಸದ ಕೆಲಸವೆಂದು ನಾನು ಬಲ್ಲೆ. ಕೆಡಿಸುವುದಾದರೆ ಕೈಗೆ ಪಳಗಿದ ವಿದ್ಯೆ. ದಯವಿಟ್ಟು ನಮ್ಮ ತಂತಿಗಳನ್ನು ಮೊದಲಿದ್ದಂತೆ ಕೆಡಿಸಿಕೊಡಿ. ಅದಕ್ಕೆ ಮಳೆಯೇ ಬೇಕೆಂದಾದರೆ ಒಂದು ಕೊಡ ನೀರನ್ನು ನಮ್ಮ ಮನೆಯಿಂದಲೇ ಕಳಿಸುತ್ತೇನೆ. ಕೆಡಿಸಿದ ಮೇಲೆ ಅದು ಮತ್ತೆ ಸರಿಹೋಗದಂತೆ ನೋಡಿಕೊಳ್ಳಲು ತಮ್ಮ ಶಾಖೆಯ ಅತ್ಯಂತ ಸಮರ್ಥ ನೌಕರರನ್ನೇ ನೇಮಿಸಬೇಕು. ಇದಿಷ್ಟನ್ನು ನಡೆಸಿಕೊಟ್ಟರೆ ಪೂರ್ವದಿಂದಲೂ ಪಶ್ಚಿಮದಿಂದಲೂ ಇಬ್ಬರು ಮುದುಕಿಯರು ತಮ್ಮನ್ನು ಒಂದೇ ಲೈನಿನಲ್ಲಿ ಹರಸುವರು.

ಎಂದೆಂದೂ ತಮ್ಮ ಬಿಲ್ಲು ಕಟ್ಟುತ್ತಿರುವ,
ತಮ್ಮ ವಿಶ್ವಾಸಿ,
ಜಲಜಾಕ್ಷಿ

ತಾ. ಕ.: ಈ ಪತ್ರವನ್ನು ಅಚ್ಚಿಗೆ ಕಳಿಸುವ ಮುನ್ನ ನಮ್ಮ ಫೋನಿಗೆ ಮತ್ತೊಂದು ಕ್ರಾಸ್ ಆಗಿದೆ. ಈ ಸಲ ಮರಾಠಿ ಮಾತನಾಡುವ ಒಬ್ಬರು ಅಜ್ಜಿ ಸಿಕ್ಕಿದ್ದಾರೆ, ಬಹಳ ಮೃದು ಸ್ವಭಾವ. ಅವರ ಮಗ ಟೆಲಿಫೋನ್ ದುರಸ್ತಿ ಶಾಖೆಯ ದೊಡ್ಡ ಸಾಹೇಬರಂತೆ, ಹಗಲೆಲ್ಲ ಮನೆಯಲ್ಲಿ ಅವರೊಬ್ಬರೇ ಇರುವುದಂತೆ. ತಮ್ಮ ತಾಯಿಯವರ ಬಿ.ಪಿ. ಮಾತ್ರೆ ಮೊನ್ನೆಯೇ ಮುಗಿದಿದೆ. ಹೇಳೋಣವೆಂದರೆ ತಮ್ಮ ಕಚೇರಿಯಲ್ಲಿ ಫೋನು ಎತ್ತುವವರಿಲ್ಲವಂತೆ. ಸಂಜೆ ಹೋಗುವಾಗ ಮಾತ್ರೆ ತೆಗೆದುಕೊಂಡು ಹೋಗಿ. ಈ ಕ್ರಾಸನ್ನು ರಿಪೇರಿ ಮಾಡಬೇಕೋ ಬೇಡವೋ ಎಂಬುದನ್ನು ದಯವಿಟ್ಟು ಅವರನ್ನೇ ಕೇಳಿ ತೀರ್ಮಾನಿಸಿ.