ಸದ್ದಿಗೆ ಕಾದ ಗಾಜಂಗಡಿ

ಗಾಜಂಗಡಿಯ ಗಾಜಣ್ಣ ಸ್ಕೂಟರ್ ಮಾರಿದ ಹಣವಷ್ಟೂ ಹೊಸ ಗಾಜಿಗೆ ಹೋಯಿತು. ಬಾವಮೈದುನನ ಕೈಸಾಲ ಅದನ್ನು ಹೊತ್ತು ತಂದ ಗಾಡಿಯ ಬಾಡಿಗೆಗೆ ಹೋಯಿತು. ಹೆಂಡತಿಯ ಬೈಗುಳಕ್ಕೆ ಮಾತ್ರ ಖರ್ಚಿರಲಿಲ್ಲ.

"ಅಲ್ರೀ, ಯಾರ ಮನೆ ಕಿಟಕಿ ಒಡೆದಿದೆ ಅಂತ ಇಷ್ಟು ಗಾಜು ತಂದ್ರಿ?"

"ಒಡೆಯುತ್ತೆ ಕಣೇ, ಮೆತ್ತಗೆ ಮಾತಾಡು," ಎಂದ ಗಾಜಣ್ಣ. "ಸದ್ದಿಗಿಂತ ವೇಗವಾಗಿ ಜನರನ್ನ ಹೊತ್ತು ಹಾರೋ ವಿಮಾನ ಮತ್ತೆ ಕಟ್ಟಿದ್ದಾರೆ. ಇವತ್ತು ಹನ್ನೊಂದಕ್ಕೆ ನಮ್ಮ ತಲೆ ಮೇಲೇ ಪರೀಕ್ಷೆ. ಹಿಂದಿನದು ಹಾರಿದಾಗ ಅದರ ಸದ್ದಿಗೇ ಕಿಟಕಿಗಳೆಲ್ಲ ಪುಡಿಪುಡಿಯಂತೆ!"

ಪಕ್ಕದಲ್ಲಿ ದರ್ಜಿಯ ಯಂತ್ರ ತಟ್ಟನೆ ನಿಂತಿತು. ಆತನ ಕಿವಿ ಕತ್ತರಿಗಿಂತ ಚೂಪು.

ಸ್ವಲ್ಪ ಹೊತ್ತಿಗೆ ದರ್ಜಿ ಕಿಟಕಿಯ ಗಾಜನ್ನು ಕೂಸಿನಂತೆ ಎತ್ತಿಕೊಂಡು ಬಂದ. "ಬಿಚ್ಚಿಕೊಂಡೇ ಬಂದೆ ಗಾಜಣ್ಣ. ಗಾಜು ಕಾಯೋಕೆ ನಿನಗಿಂತ ಇನ್ಯಾರು ಬೇಕು?" ಅವನ ಹಿಂದೆ ನಿವೃತ್ತ ಮೇಷ್ಟ್ರು, ಅವರ ಹಿಂದೆ ಇಡೀ ಓಣಿ.

ಗಾಜಣ್ಣ ಬಾಗಿಲಿಗೆ ಅಡ್ಡ ನಿಂತ. ಎಲ್ಲರೂ ಬಿಚ್ಚಿಟ್ಟರೆ ಒಡೆಯಲು ಉಳಿಯುವುದೇನು? "ಜಾಗ ಇಲ್ಲವಲ್ಲ..." ಎಂದು ತೊದಲಿದ.

"ಯಾಕಯ್ಯಾ, ಒಡೀಲಿ ಅಂತ ಕಾಯ್ತಿದ್ದೀಯಾ?" ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಛೆ ಛೆ! ತನ್ನಿ ತನ್ನಿ, ನನ್ನ ಹೊಣೆ."

ತನ್ನ ಹೊಸ ಗಾಜನ್ನು ಒಳಕೋಣೆಗೆ ಸಾಗಿಸಿ, ಓಣಿಯವರದನ್ನು ಅಂಗಡಿಯ ಗೋಡೆಗೆ ಒರಗಿಸಿದ. ಪಕ್ಕದ ಓಣಿಯ ಕಿಟಕಿಗಳಾದರೂ ಒಡೆಯಲಪ್ಪಾ ಎಂದು ಬೆವರೊರೆಸಿಕೊಂಡ.

ಹನ್ನೊಂದಾಯಿತು. ಎಲ್ಲರೂ ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ ಬೀದಿಯಲ್ಲಿ ನಿಂತರು. ನಿಂತೇ ಇದ್ದರು.

"ಯಾವಾಗಪ್ಪಾ ಬರೋದು?" ಎಂದಳು ಮೂಲೆಮನೆ ಅಜ್ಜಿ.

"ಹೋಯ್ತಲ್ಲ ಅಜ್ಜಿ." ಮೇಷ್ಟ್ರು ಆಕಾಶದ ಬಿಳಿ ಗೆರೆ ತೋರಿಸಿದರು. "ಈ ಸಲ ಸದ್ದಾಗದ ಹಾಗೆ ಮೂತಿ ಉದ್ದ ಮಾಡಿ ಕಟ್ಟಿದ್ದಾರಂತೆ. ಪೇಪರಲ್ಲಿ ಓದಿದ್ದೆ."

"ಮೊದಲೇ ಹೇಳೋಕೇನಾಗಿತ್ತು ಮೇಷ್ಟ್ರೇ?" ಗಾಜಣ್ಣ ಅಳುವುದೊಂದು ಬಾಕಿ.

"ಓದಿದ್ದೆ. ನಂಬಿರಲಿಲ್ಲ."

"ನಮ್ಮನೇಲಿ ತಟ್ಟೆ ಕುಕ್ಕೋ ಸದ್ದೇ ಇದಕ್ಕಿಂತ ಜೋರು!" ಎಂದ ದರ್ಜಿ. ಓಣಿ ಗೊಳ್ಳೆಂದಿತು. "ಗಾಜಣ್ಣ, ಎಲ್ಲಾ ಬಿಟ್ಟಿಯಾಗಿ ಕೂರಿಸಿಕೊಡು. ಹೆದರಿಸಿದವನು ನೀನೇ."

ಗಾಜಣ್ಣನಿಗೆ ಪಿತ್ತ ನೆತ್ತಿಗೇರಿತು. "ಊಟ ಆದ್ಮೇಲೆ ಬನ್ನಿ, ಹೋಗ್ರಯ್ಯಾ!" ಎಂದವನೇ ಇದ್ದ ಸಿಟ್ಟನ್ನೆಲ್ಲ ತೋಳಿಗೆ ತಂದು ಅಂಗಡಿಯ ಷಟರ್ ಕೆಳಗೆಳೆದ.

ಢಂ!

"ಈಗ ಬಂತು ನೋಡಿ!" ಅಜ್ಜಿ ಕಿವಿ ಮುಚ್ಚಿಕೊಂಡಳು.

ಷಟರಿನ ಹಿಂದೆ ಏನೋ ಜಾರಿದ ಸದ್ದಾಯಿತು. ಆಮೇಲಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಒಳಕೋಣೆಯ ಹೊಸ ಗಾಜಿಗೆ ಏನೂ ಆಗಿರಲಿಲ್ಲ. ಗಾಜಣ್ಣ ಅದರಲ್ಲೇ ಓಣಿಯ ಕಿಟಕಿಗಳನ್ನೆಲ್ಲ ತುಂಬಿಸಿದ. ಒಂದು ಚೂರೂ ಮಿಗಲಿಲ್ಲ. ಒಂದು ಕಾಸೂ ಬರಲಿಲ್ಲ.