ಎತ್ತುಗಳು ದಾಟಿದ ಅಮೆರಿಕದ ಸೇತುವೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಸಮಯ ಇಷ್ಟು ಚೆನ್ನಾಗಿ ನೆನಪಿರಲು ಕಾರಣವಿದೆ. ಆಗ ನಾನು ತೂಗುಸೇತುವೆಯ ನಟ್ಟನಡುವೆ ಇದ್ದೆ. ಕೆಳಗೆ ನೋಡಿದರೆ ಕಾಲುವೆಯ ನೀರು, ಮುಂದೆ ನೋಡಿದರೆ ಎತ್ತಿನ ಬಾಲ. ಭಯವಿಲ್ಲದೆ ನೋಡಬಹುದಾಗಿದ್ದದ್ದು ನನ್ನ ಕೈಗಡಿಯಾರವೊಂದೇ. ಸ್ವಭಾವತಃ ನಾನು ಧೈರ್ಯಸ್ಥನೇ. ಹುಕ್ಕೇರಿ ಸಂತೆಯ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದವನು. ಆದರೆ ಬಸ್ಸು ಅಲುಗಾಡಿದರೆ ಕೆಳಗೆ ರಸ್ತೆಯಾದರೂ ಇರುತ್ತದೆ.

ಹೊಸ ಶತಮಾನ ಆಗಷ್ಟೇ ಬಂದಿತ್ತು. ಗೋಕಾಕದಿಂದ ಮೂಡಲಗಿಗೆ ಹೋಗುವ ಹಾದಿಯಲ್ಲಿ, ಮಸಗುಪ್ಪಿಯ ಹತ್ತಿರ, ಅಮೆರಿಕದ ಇಂಜಿನಿಯರಿಂಗ್ ವಿಶ್ವವಿದ್ಯಾಲಯವೊಂದು ತನ್ನ ಶಾಖೆ ತೆರೆದಿತ್ತು. ನಾನು ಅಲ್ಲಿ ಸಂಪರ್ಕಾಧಿಕಾರಿ. ಅಮೆರಿಕದವರು ಹೇಳಿದ್ದನ್ನು ಊರಿಗೆ, ಊರಿನವರು ಹೇಳಿದ್ದನ್ನು ಅಮೆರಿಕಕ್ಕೆ ಮುಟ್ಟಿಸುವುದು, ಎರಡೂ ಕಡೆಯ ಬೈಗುಳವನ್ನು ನಡುವೆ ನಾನೇ ನುಂಗಿಕೊಳ್ಳುವುದು ನನ್ನ ಕೆಲಸ. ಕಾಲುವೆಯಾಚೆಯ ಹೊಲಗಳಿಗೆ ರೈತರು ಸುತ್ತು ಹಾಕಿ ಹೋಗುವುದು ತಪ್ಪಲೆಂದು ಕೊನೆಯ ವರ್ಷದ ಹುಡುಗರು ಒಂದು ಸಣ್ಣ ತೂಗುಸೇತುವೆ ಕಟ್ಟಿದರು. ಅದನ್ನು ನೋಡಲು ಅಮೆರಿಕದಿಂದ ಡೀನ್ ವಾಲ್ಟರ್ ಸಾಹೇಬರೇ ಬಂದರು. ಶಾಖೆ ಇಲ್ಲೇ ಇರಬೇಕೋ ಬೇರೆ ಊರಿಗೆ ಹೋಗಬೇಕೋ ಎಂದು ತೀರ್ಮಾನಿಸುವವರೂ ಅವರೇ. ಶಾಖೆ ಹೋದರೆ ನಾನೂ ಹೋದಂತೆ.

ಸೇತುವೆ ಒಮ್ಮೆಗೆ ಇಪ್ಪತ್ತು ಜನರ ಭಾರ ತಡೆಯುತ್ತದೆ ಎಂದರು ಸಾಹೇಬರು. ಅದನ್ನು ನಾನು ಪಾಯಪ್ಪ ಕಾಕಾಗೆ ಹೇಳಿದೆ. ಸೇತುವೆಯ ಆಚೆ ದಡದ ಜಾಗ ಬಿಟ್ಟುಕೊಟ್ಟ ರೈತ ಅವರು.

"ಇಪ್ಪತ್ತ ಮಂದಿ ಅಂದ್ರ ನಮ್ಮ ಜೋಡಿ ಎತ್ತು, ಮ್ಯಾಲ ನಾಕೈದ ಮಂದಿ. ಲೆಕ್ಕಾ ಸರಿ ಐತಿಲ್ರಿ ಸರ?"

"ಎತ್ತು ಯಾಕ್ರಿ ಕಾಕಾ?"

"ಎತ್ತು ತುಳೀಲಾರದ್ದಕ್ಕ ಹಾದಿ ಅಂತಾರೇನ್ರಿ? ನಮ್ಮಲ್ಲಿ ಹೊಸಾ ಹಾದಿಗೆ ಮೊದಲ ಅವು ಕಾಲ ಇಡಬೇಕು."

ಸಾಹೇಬರು ಪೆನ್ಸಿಲ್ ತೆಗೆದು ಎತ್ತುಗಳ ತೂಕ ಹಾಕಿ ನೋಡಿ, ಸಂತೋಷದಿಂದ ಒಪ್ಪಿದರು. ಆ ಎತ್ತುಗಳು ಮೆರವಣಿಗೆಯ ಎತ್ತುಗಳು, ಹಲಗಿ ಎಂಬ ಚರ್ಮವಾದ್ಯದ ಬಡಿತಕ್ಕೆ ಸರಿಯಾಗಿ ಹೆಜ್ಜೆ ಹಾಕಲು ಪಳಗಿದವು ಎಂಬ ಮಾತು ಮಾತ್ರ ಅವರ ಲೆಕ್ಕದಲ್ಲಿ ಇರಲಿಲ್ಲ.

ಮುಂದೆ ಹಗ್ಗ ಹಿಡಿದು ಪಾಯಪ್ಪ ಕಾಕಾ, ಅವರ ಹಿಂದೆ ಒಂದರ ಹಿಂದೊಂದು ಎತ್ತು, ಕೊನೆಗೆ ನಾನು ಮತ್ತು ಮೂವರು ಹಿರಿಯರು. ನಮ್ಮ ಬೆನ್ನ ಹಿಂದೆ, ಈಚೆ ದಡದ ಮೇಲೆ ಕೌಜಲಗಿಯ ಯಲ್ಲಪ್ಪನ ಹಲಗಿ ಮೇಳ. ಪೆಟ್ಟಿಗೊಂದು ಹೆಜ್ಜೆ. ನಡುವೆ ಬರುವಷ್ಟರಲ್ಲಿ ಸೇತುವೆ ತೊಟ್ಟಿಲಾಗಿತ್ತು. ಆಚೆ ದಡದಿಂದ ಸಾಹೇಬರು, "ವಾದ್ಯ ನಿಲ್ಲಿಸಿ! ಎಲ್ಲರ ಹೆಜ್ಜೆ ಒಟ್ಟಿಗೆ ಬಿದ್ದು ಸೇತುವೆಯನ್ನು ತೂಗುತ್ತಿದೆ!" ಎಂದು ಇಂಗ್ಲಿಷಿನಲ್ಲಿ ಕೂಗಿದರು. ನಾನು ಅದನ್ನು ಕನ್ನಡದಲ್ಲಿ ಅಳುತ್ತಾ ಕೂಗಿದೆ. ಹಲಗಿ ನಿಂತಿತು. ತೂಗಾಟ ಇಳಿಯಿತು. ಎತ್ತುಗಳೂ ನಿಂತವು.

"ಹಲಗಿ ಇಲ್ಲಂದ್ರ ಒಂದ ಹೆಜ್ಜಿನೂ ಇಡೂದಿಲ್ರಿ ಅವು," ಎಂದರು ಕಾಕಾ, ಮಗಳ ಗುಣ ಹೊಗಳುವ ಧ್ವನಿಯಲ್ಲಿ. ಅವನ್ನು ಹಿಂದಕ್ಕೆ ತಿರುಗಿಸಲು ಜಾಗವಿಲ್ಲ.

ಹಾಗಾದರೆ ತಾಳ ತಪ್ಪಿಸಿ ಬಾರಿಸಲಿ ಎಂದರು ಸಾಹೇಬರು. ಯಲ್ಲಪ್ಪ ಕೆರಳಿದ. "ತಾಳಾ ತಪ್ಪಸೂದ? ಮಂದ್ಯಾಗ? ನಾಳೆ ಊರಾಗ ಯಾವ ಮಾರಿ ಇಟ್ಕೊಂಡ ತಿರಗಲ್ರಿ?" ನನ್ನ ಮುಖ ನೋಡಿ ಪಾಪ, ಪ್ರಯತ್ನ ಮಾಡಿದ. ನಾಲ್ಕು ಪೆಟ್ಟು ಅಡ್ಡಾದಿಡ್ಡಿ ಬಿದ್ದವು, ಐದನೆಯದಕ್ಕೆ ಕೈ ತಾನಾಗಿ ತಾಳಕ್ಕೆ ಮರಳಿತು. ಸೇತುವೆಯೂ ತೂಗಾಟಕ್ಕೆ ಮರಳಿತು.

ಆಗ ಕಾಕಾ ನನ್ನ ಕಡೆ ತಿರುಗಿದರು. "ಸರ, ಭಜನ್ಯಾಗ ಪೆಟ್ಟು ತಪ್ಪತಾವು ಅಂತ ನಿಮ್ಮ ಕೈಯಾಗಿನ ತಾಳಾ ಕಸಗೊಂಡಿದ್ರಲ್ಲ?"

"ಅದೀಗ ಯಾಕ್ರಿ?"

"ಏ ಯಲ್ಲಪ್ಪಾ, ಹಲಗಿ ಸರ್‌ಗ ಕೊಡೋ!"

ಕೈಯಿಂದ ಕೈಗೆ ಹಲಗಿ ನನ್ನ ಬಳಿ ಬಂತು. ನಾನು ಬೇಕೆಂದೇ ತಪ್ಪು ಬಾರಿಸಿದೆ ಎಂದು ಇಂದಿಗೂ ಜನ ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಮುಂದೆ ಮರ್ಯಾದೆ ಹೋಗಬಾರದೆಂದು ಹಲ್ಲು ಕಚ್ಚಿ, ಮೈಯೆಲ್ಲ ಕಿವಿಯಾಗಿಸಿಕೊಂಡು, ಶುದ್ಧವಾದ ತಾಳಕ್ಕೇ ಪ್ರಯತ್ನಿಸಿದೆ. ಹಿಂದಿನ ಎತ್ತು ಕಿವಿ ಕೊಡವಿ, ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡಿತು. ಆ ನೋಟ ನನ್ನ ಗಣಿತದ ಮೇಷ್ಟರದ್ದು. ಆಮೇಲೆ ಎರಡೂ ಎತ್ತುಗಳು ನನ್ನ ಕೈಬಿಟ್ಟು, ತಮತಮಗೆ ತೋಚಿದಂತೆ ಕಾಲು ಹಾಕುತ್ತಾ ಆಚೆ ದಡ ಸೇರಿದವು. ಸೇತುವೆ ಮಿಸುಕಲಿಲ್ಲ.

ಇಂಥ ಪಾಠ ನಮ್ಮಲ್ಲಿ ಕಲಿಸಲು ಸಾಧ್ಯವೇ ಇಲ್ಲ, ಶಾಖೆ ಇಲ್ಲೇ ಇರಲಿ ಎಂದರು ವಾಲ್ಟರ್ ಸಾಹೇಬರು. ಊರು ಚಪ್ಪಾಳೆ ತಟ್ಟಿತು. ನನ್ನ ನಿದ್ದೆ ಮಾತ್ರ ಹೋಯಿತು. ಕಣ್ಣು ಮುಚ್ಚಿದರೆ ಮಂಚ ತೂಗುತ್ತಿತ್ತು. "ಮಂಚ ಅಳ್ಳಾಡಾಕತ್ತಿಲ್ರಿ, ನೀವ ಅಳ್ಳಾಡಾಕತ್ತೀರಿ," ಎನ್ನುತ್ತಿದ್ದಳು ಹೆಂಡತಿ. ಇದರ ಮೇಲೆ ಯಲ್ಲಪ್ಪನಿಗೆ ನನ್ನ ಬಗ್ಗೆ ಕರುಣೆ ಹುಟ್ಟಿ, ದಿನಾ ಸಂಜೆ ಬಂದು ತಾಳ ಕಲಿಸತೊಡಗಿದ. ಅತ್ತ ಎತ್ತು ದಾಟಿಸುವಾಗಲೆಲ್ಲ ಊರಿನವರು ನನ್ನನ್ನೇ ಕರೆಯುತ್ತಿದ್ದರು. ಒಂದು ವೇಳೆ ಕಲಿತೇಬಿಟ್ಟರೆ ನಡುಸೇತುವೆಯಲ್ಲಿ ಗತಿಯೇನು ಎಂಬ ಹೊಸ ಹೆದರಿಕೆಯೂ ಸೇರಿಕೊಂಡಿತು.

ಕೊನೆಗೊಂದು ಸಂಜೆ ಯಲ್ಲಪ್ಪ ಹಲಗಿ ಕಟ್ಟಿಕೊಂಡು ಎದ್ದ. "ಸರ, ಸಿಟ್ಟಾಗಬ್ಯಾಡ್ರಿ. ಖರೆ ಹೇಳ್ತೇನಿ, ಇದು ನಿಮ್ಮ ಕೈಗೆ ಹತ್ತೂ ವಿದ್ಯಾ ಅಲ್ರಿ."

ಆ ರಾತ್ರಿ ಮಂಚ ಅಲುಗಲಿಲ್ಲ. ಎತ್ತು ದಾಟಿಸುವ ಈ ಹುದ್ದೆಗೆ ನನ್ನಷ್ಟು ಯೋಗ್ಯ ಇನ್ನೊಬ್ಬನಿಲ್ಲ ಎಂಬ ಭರವಸೆಯಲ್ಲಿ, ಬಿಸಿಲು ಮುಖಕ್ಕೆ ಬೀಳುವವರೆಗೂ ಮಲಗಿದ್ದೆ.